ಟೈರಿನ ಲಾರಿಗೆ ಅಡ್ಡ ಕುಳಿತ ಸಿದ್ದಲಿಂಗಮ್ಮ

ಪಂಚಾಯಿತಿಯ ಮೊದಲ ಸಭೆಗೆ ಹೋಗುವ ದಿನ ನಂಜಪ್ಪ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಜಗಲಿಯ ಮೇಲೆ ಸಿದ್ಧನಾಗಿ ಕುಳಿತಿದ್ದ. ಚುನಾವಣೆಯಲ್ಲಿ ಗೆದ್ದವಳು ಅವನ ಹೆಂಡತಿ ಸಿದ್ದಲಿಂಗಮ್ಮ. ವಾರ್ಡು ಹೆಂಗಸರಿಗೆ ಮೀಸಲಾಗಿತ್ತು. ನಂಜಪ್ಪ ಯಾರ ಮಾತಿಗೂ ಎದುರಾಡುವವನಲ್ಲ, ಅವನ ಹೆಂಡತಿಯನ್ನು ನಿಲ್ಲಿಸಿದರೆ ನಾವು ಹೇಳಿದ ಕಡೆ ಸಹಿ ಬೀಳುತ್ತದೆ ಎಂದು ಊರಿನ ನಾಲ್ಕು ಗಂಡಸರು ಲೆಕ್ಕ ಹಾಕಿ ಅವಳ ಹೆಸರು ಕೊಟ್ಟಿದ್ದರು. ಎಮ್ಮೆಗೆ ಹುಲ್ಲು ಹಾಕಿ ಕೈ ತೊಳೆದು ಬಂದ ಸಿದ್ದಲಿಂಗಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನೆಲ್ಗೆ ವೊಂಟೆ?"

"ಮೀಟಿಂಗ್ಗೆ."

"ಓಟು ಬಿದ್ದಿರೋದು ನಂಗೆ. ಅಂಗಿ ಬಿಚ್ಚಿಟ್ಟು ಎಮ್ಮೇಗೆ ನೀರು ಕುಡ್ಸು. ಸಂಜೆ ಬತ್ತೀನಿ."

ನಂಜಪ್ಪ ಅಂಗಿ ಬಿಚ್ಚಿಟ್ಟ. ಆ ನಾಲ್ಕು ಗಂಡಸರ ಲೆಕ್ಕ ಅಲ್ಲಿಗೇ ತಪ್ಪಿತು.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಸಿಂಧಘಟ್ಟ ದಾಟಿ ನಾಲೆಯ ಏರಿ ಹಿಡಿದು ಹೋದರೆ ಸಿಗುವ ಹುಣಸೆಕೊಪ್ಪಲು ಅವಳ ಊರು. ನೂರಿನ್ನೂರು ಮನೆ, ಸುತ್ತ ಕಬ್ಬು, ಒಂದು ಡೈರಿ, ಒಂದು ಅಂಗನವಾಡಿ, ಊರಿನ ಪಡುವಣಕ್ಕೆ ಒಂದು ಆಲೆಮನೆ. ಆ ಆಲೆಮನೆಯನ್ನು ನಡೆಸುವವನು ನಂಜಪ್ಪನ ತಮ್ಮ ಶಿವಶಂಕರ್. ಗಾಣ, ಕೊಪ್ಪರಿಗೆ, ಬೆಲ್ಲದ ಅಚ್ಚು ಎಲ್ಲವೂ ಅವನಿಗೆ ಅಪ್ಪನಿಂದ ಬಂದದ್ದು. ಕಬ್ಬು ಅರೆಯಲು, ಬೆಲ್ಲ ಕಾಯಿಸಲು ಉತ್ತರಪ್ರದೇಶದಿಂದ ಬಂದ ಆಳುಗಳು ಆಲೆಮನೆಯ ಹಿಂದಿನ ಶೀಟಿನ ಮನೆಗಳಲ್ಲಿ ಇರುತ್ತಿದ್ದರು. ಅವರಿಗೆ ಹಿರಿಯನೆಂದರೆ ಮುನ್ನಾ.

ಸಿದ್ದಲಿಂಗಮ್ಮ ಸದಸ್ಯಳಾಗಿ ನಾಲ್ಕು ತಿಂಗಳಾಗುವಷ್ಟರಲ್ಲಿ ಕೊರೊನಾದ ಎರಡನೆಯ ಅಲೆ ಬಂತು. ಮೊದಲನೆಯ ವರ್ಷ ಹುಣಸೆಕೊಪ್ಪಲಿಗೆ ಅದು ಬರೀ ಟಿ.ವಿ.ಯಲ್ಲಿ ಕಂಡ ರೋಗವಾಗಿತ್ತು. ಈ ಸಲ ನಗರದಿಂದ ಬಂದವರ ಜೊತೆ ಬೀದಿಗೇ ಇಳಿಯಿತು. ಜ್ವರ ಬಂದವರು ಬಾಯಿ ಬಿಡಲಿಲ್ಲ. ಹೇಳಿದರೆ ಹಿಡಿದುಕೊಂಡು ಹೋಗುತ್ತಾರೆ, ಡೈರಿಯಲ್ಲಿ ಹಾಲು ಹಾಕಿಸಿಕೊಳ್ಳುವುದಿಲ್ಲ, ಮಗಳ ಮದುವೆ ನಿಲ್ಲುತ್ತದೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಭಯ. ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ಕೆಲಸದ ಕರಿಯಯ್ಯ ಕಂಬಳಿ ಹೊದ್ದು ಒಳಗೆ ಮಲಗಿ, ಕೇಳಿದವರಿಗೆಲ್ಲ ಸೊಂಟ ನೋವು ಎನ್ನುತ್ತಿದ್ದ. ವಾರ ಕಳೆಯುವುದರೊಳಗೆ ಸತ್ತ. ಹೊರಲು ಜನ ಸಿಗಲಿಲ್ಲ. ಕೊನೆಗೆ ಪ್ಲಾಸ್ಟಿಕ್ ಅಂಗಿ ತೊಟ್ಟ ಯಾರೋ ಅಪರಿಚಿತರು ಬಂದು ಎತ್ತಿಕೊಂಡು ಹೋದರು. ಅವನ ಹೆಂಡತಿ ಯಶೋದಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಸಿದ್ದಲಿಂಗಮ್ಮ ಹೋದಳು. ಸೆರಗು ಮೂಗಿಗೆ ಕಟ್ಟಿಕೊಂಡು ಯಶೋದಮ್ಮನ ಜಗಲಿಯ ಈಚೆ ತುದಿಯಲ್ಲಿ ಕುಳಿತಳು. ಅಲ್ಲಿಂದ ಎದ್ದವಳು ನೇರ ಆಶಾ ಕಾರ್ಯಕರ್ತೆ ಪ್ರಮೀಳಾಳ ಮನೆಗೆ ನಡೆದಳು.

"ಒಬ್ಬೊಬ್ರೇ ಮುಚ್ಚಿಟ್ಕೊಂಡು ಸಾಯ್ತಾವ್ರೆ ಕಣೆ. ಬೀದೀಗೊಂದು ಎಂಗ್ಸು ಗೊತ್ತು ಮಾಡಾನ. ದಿನಾ ಬಾಗ್ಲು ತಟ್ಟಾದು, ಬೆರಳಿಗೆ ಆ ಆಕ್ಸಿಜನ್ ನೋಡೋ ಮಿಷನ್ನು ಇಕ್ಕಾದು. ನೀನು ಒಬ್ಳೇ ಊರೆಲ್ಲ ತಿರುಗಿದ್ರೆ ನೀನೂ ಉಳಿಯಾಕಿಲ್ಲ."

ಪಂಚಾಯಿತಿಗೊಂದು ಕಾರ್ಯಪಡೆ ಮಾಡಿ ಎಂದು ಸರ್ಕಾರ ಹೇಳಿತ್ತು. ಬಹಳ ಕಡೆ ಅದು ಸಭೆಯ ಫೋಟೋದಲ್ಲೇ ಮುಗಿದಿತ್ತು. ಹುಣಸೆಕೊಪ್ಪಲಿನಲ್ಲಿ ಅದು ಹೆಂಗಸರ ಪಡೆಯಾಯಿತು. ಅವರವರ ಬೀದಿ ಅವರವರದು. ಯಾರಿಗೆ ಜ್ವರ ಬಂತೋ ಅವರ ಮನೆಗೆ ಪಕ್ಕದ ಮನೆಯ ಸಾರು, ಅವರ ಹಸುವಿಗೆ ಎದುರು ಮನೆಯ ಹುಲ್ಲು. ಹೇಳಿಕೊಂಡರೆ ಊಟ ಬರುತ್ತದೆ, ಬೈಗುಳ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಜನ ತಾವಾಗಿಯೇ ಬಾಗಿಲು ತೆರೆದು ಬೆರಳು ಚಾಚಿದರು. ನಾಲೆಯ ಸೇತುವೆಗೆ ಜಾಲಿಮುಳ್ಳು ಅಡ್ಡ ಹಾಕಿ, ಬಂದವರನ್ನು ನಿಲ್ಲಿಸಿ ವಿಚಾರಿಸಿದರು.

ಆಲೆಮನೆಯ ಆಳುಗಳನ್ನು ಊರಿಂದ ಓಡಿಸಬೇಕೆಂದು ಕೆಲವರು ದೊಣ್ಣೆ ಹಿಡಿದು ಹೊರಟಾಗಲೂ ಸಿದ್ದಲಿಂಗಮ್ಮ ಅಡ್ಡ ಬಂದಳು. "ಓಡ್ಸಿ. ಬಸ್ಸಿಲ್ಲ, ರೈಲಿಲ್ಲ. ಎಲ್ಗೋಯ್ತಾರೆ? ನಾಲೆ ಏರೀಲಿ ಬಿದ್ದಿರ್ತಾರೆ. ಅವ್ರು ಕೆಮ್ಮಿದ್ದು ನಿಮ್ ಮನೆ ಕಿಟಕಿಗೆ ಬರಾಕಿಲ್ವಾ? ಗಾಳಿಗೆ ಇಂದಿ ಬೇರೆ, ಕನ್ನಡ ಬೇರೆ ಅಂತ ಅದ್ಯಾ?" ಅವತ್ತಿನಿಂದ ಆಳುಗಳಿಗೂ ಮನೆಮನೆಯ ಸರದಿಯಲ್ಲಿ ಊಟ ಹೋಯಿತು. ಮುನ್ನಾ ಮೊದಲ ದಿನ ರಾಗಿಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆಲ್ಲ ಅಂಟಿಸಿಕೊಂಡು ಕಣ್ಣು ಕಣ್ಣು ಬಿಟ್ಟ. ಊರು ಆ ತಿಂಗಳಲ್ಲಿ ನಕ್ಕದ್ದು ಅದೊಂದೇ ಸಲ.

ಆಮೇಲೆ ನಂಜಪ್ಪನಿಗೇ ಬಂತು. ಬೆರಳಿಗಿಟ್ಟ ಮಿಷನ್ನಿನ ಅಂಕಿ ಇಳಿಯುತ್ತಲೇ ಹೋಯಿತು. ಪೇಟೆಯ ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ, ಮಂಡ್ಯದಲ್ಲೂ ಇರಲಿಲ್ಲ. ಪ್ರಮೀಳಾ ಮಾಡಿದ ಫೋನುಗಳಿಗೆಲ್ಲ ಒಂದೇ ಉತ್ತರ. ಆಗ ಶಿವಶಂಕರ್ ಯಾರಿಗೂ ಹೇಳದೆ ಕಾರು ತೆಗೆದುಕೊಂಡು ಮೈಸೂರಿಗೆ ಹೋದ. ಅಲ್ಲಿ ಯಾರ ಕಾಲು ಹಿಡಿದನೋ, ಮಾರನೆಯ ಮಧ್ಯಾಹ್ನ ಉರಿಬಿಸಿಲಿನಲ್ಲಿ ಆಕ್ಸಿಜನ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಅಣ್ಣನ ಮನೆಯ ಹೊಸ್ತಿಲು ದಾಟಿ ಬಂದ. ಮುಟ್ಟಬೇಡ, ಒಳಗೆ ಬರಬೇಡ ಎಂದವರಿಗೆ "ಮೊದ್ಲು ಉಸ್ರು, ಮಿಕ್ಕಿದ್ದು ಆಮ್ಯಾಕೆ ನೋಡಾನ," ಎಂದು ಅಣ್ಣನ ಮಂಚದ ಪಕ್ಕವೇ ಕುಳಿತ. ನಂಜಪ್ಪ ಉಳಿದುಕೊಂಡ. ಆದರೆ ಅವನ ಶ್ವಾಸಕೋಶ ಮೊದಲಿನಂತಾಗಲಿಲ್ಲ. ತೋಟದವರೆಗೆ ನಡೆದರೆ ಎರಡು ಕಡೆ ಕುಳಿತುಕೊಳ್ಳಬೇಕು. ಸಿದ್ದಲಿಂಗಮ್ಮ ಮೈದುನನಿಗೆ ಕೈ ಮುಗಿದಿದ್ದು ಆ ಒಂದು ಸಲ.

ಆ ಬೇಸಿಗೆ ಆಲೆಮನೆ ನಿಂತಿತ್ತು. ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೂ ಬಿಳಿಯಾಗಿಯೇ ಇರುತ್ತಿತ್ತು. ಅಂಗಳದಲ್ಲಿ ಹರವಿದ ರಾಗಿಯ ಮೇಲೆ ಮಸಿ ಕೂರುತ್ತಿರಲಿಲ್ಲ. ಸಾವಿನ ನಡುವೆ ಇದನ್ನು ಗಮನಿಸಿ ಖುಷಿಪಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಆದರೆ ಹೆಂಗಸರ ಕಣ್ಣಿಗೆ ಬಿದ್ದಿತ್ತು.

ರೋಗ ಹೋಯಿತು. ಸೇತುವೆಯ ಮುಳ್ಳನ್ನು ಸೌದೆ ಮಾಡಿ ಸುಟ್ಟರು. ಒಂದು ವರ್ಷ ನಾಲೆಗೆ ನೀರೇ ಬರಲಿಲ್ಲ, ಅದರ ಮಾರನೆಯ ವರ್ಷ ಮಳೆ ನಿಲ್ಲಲೇ ಇಲ್ಲ. ಬಿಸಿಲು ಇರಬೇಕಾದ ಮಾರ್ಗಶಿರದಲ್ಲಿ ದಿನವಿಡೀ ಜಿಟಿಜಿಟಿ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ಬಯಲಲ್ಲಿ ಒಣಗಿಸಿ ಒಲೆಗೆ ಹಾಕುವುದು ಆಲೆಮನೆಯ ಪದ್ಧತಿ. ಸಿಪ್ಪೆ ಒಣಗಲಿಲ್ಲ, ಕೊಳೆತು ನಾರತೊಡಗಿತು. ಆಗ ಯಾವುದೋ ಊರಿನಿಂದ ಲಾರಿ ಬರಲು ಶುರುವಾಯಿತು. ಅದರ ತುಂಬ ಹಳೆಯ ಟೈರು, ಹರಿದ ರೆಕ್ಸಿನ್ನು, ಪ್ಲಾಸ್ಟಿಕ್ಕು. ಅಗ್ಗದ ಉರುವಲು, ಚೆನ್ನಾಗಿ ಉರಿಯುತ್ತದೆ.

ಹೊಗೆ ಕಪ್ಪಗೆ, ಎಣ್ಣೆಯ ಹಾಗೆ ಭಾರವಾಗಿತ್ತು. ಬೆಳಗಿನ ಇಬ್ಬನಿಯಲ್ಲಿ ಮೇಲೇರದೆ ಬೀದಿಗಳಲ್ಲೇ ಹರಿದಾಡುತ್ತಿತ್ತು. ಡೈರಿಯ ಕ್ಯಾನುಗಳ ಮೇಲೆ, ಅಂಗನವಾಡಿಯ ಮಕ್ಕಳ ತಟ್ಟೆಗಳ ಮೇಲೆ ಮಸಿ. ನಂಜಪ್ಪ ಕಿಟಕಿ ಬಾಗಿಲು ಮುಚ್ಚಿಕೊಂಡು ಒಳಗೆ ಕುಳಿತರೂ ಕೆಮ್ಮು ನಿಲ್ಲುತ್ತಿರಲಿಲ್ಲ. ಕೆಮ್ಮಿ ಕೆಮ್ಮಿ ಅವನ ಮುಖ ಕಪ್ಪಿಟ್ಟಾಗ, ಮತ್ತೆ ಆ ಮಿಷನ್ನನ್ನು ಹುಡುಕಿ ತಂದು ಅವನ ಬೆರಳಿಗಿಟ್ಟಳು ಸಿದ್ದಲಿಂಗಮ್ಮ. ಅಂಕಿ ನೋಡಿ ಎದ್ದು ಆಲೆಮನೆಗೆ ಹೋದಳು.

ಶಿವಶಂಕರ್ ಕೊಪ್ಪರಿಗೆಯ ಪಕ್ಕ ನಿಂತಿದ್ದ. ಅತ್ತಿಗೆಗೆ ಕುರ್ಚಿ ತರಿಸಿದ, ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿಸಿ ಕೊಟ್ಟ.

"ಟೈರು ನಿಲ್ಸು ಕಣಪ್ಪ," ಎಂದಳು.

"ನಂಗೇನು ಆಸೆನಾ ಅತ್ಗೆ? ಸಿಪ್ಪೆ ಒಣಗಾಕಿಲ್ಲ. ಮಳೆ ವೊತ್ತುಗೊತ್ತಿಲ್ದೆ ಬತ್ತಾ ಅದೆ. ಮಳೆ ನಿಲ್ಸು, ನಾನು ಟೈರು ನಿಲ್ಲುಸ್ತೀನಿ."

ಸುತ್ತಲಿದ್ದವರು ನಕ್ಕರು. ಸಿದ್ದಲಿಂಗಮ್ಮ ಬೆಲ್ಲ ಮುಟ್ಟದೆ ಎದ್ದಳು.

ಅದೇ ತಿಂಗಳು ಕೆ.ಆರ್. ಪೇಟೆಯಲ್ಲಿ ಪಂಚಾಯಿತಿ ಸದಸ್ಯರಿಗೆ ಹವಾಮಾನ ಬದಲಾವಣೆಯ ಬಗ್ಗೆ ತರಬೇತಿ ಇತ್ತು. ಪರದೆಯ ಮೇಲೆ ಹಿಮದ ಬೆಟ್ಟಗಳು ಕರಗುತ್ತಿದ್ದವು, ಬಿಳಿ ಕರಡಿಯೊಂದು ಮಂಜುಗಡ್ಡೆಯ ತುಂಡಿನ ಮೇಲೆ ನಿಂತಿತ್ತು. ಕಾರ್ಖಾನೆ, ಹೊಗೆ, ಭೂಮಿ ಕಾಯುವುದು, ಮಳೆಯ ಲೆಕ್ಕ ತಪ್ಪುವುದು, ಎಲ್ಲವನ್ನೂ ಹೊರಗಿನಿಂದ ಬಂದಿದ್ದ ಉಪನ್ಯಾಸಕರು ಒಂದಕ್ಕೊಂದು ಜೋಡಿಸಿ ವಿವರಿಸಿದರು. ಸಿದ್ದಲಿಂಗಮ್ಮ ಕಿವಿಗೊಟ್ಟು ಕೇಳಿದಳು. ಟೈರಿನ ಹೊಗೆಯೂ ಶಿವಶಂಕರನ ಒಣಗದ ಸಿಪ್ಪೆಯೂ ಎಲ್ಲೋ ಒಂದು ಕಡೆ ಕೂಡುತ್ತವೆ ಎಂಬುದು ಅವಳಿಗೆ ಅಲ್ಲಿಯೇ ಹೊಳೆದದ್ದು. ದೇಶ ಎರಡು ಸಾವಿರದ ಎಪ್ಪತ್ತರ ಹೊತ್ತಿಗೆ ಹೊಗೆಯ ಲೆಕ್ಕವನ್ನು ಸೊನ್ನೆಗಿಳಿಸುವ ಗುರಿ ಮುಟ್ಟುತ್ತದೆ ಎಂದು ಉಪನ್ಯಾಸಕರು ಮುಗಿಸಿದಾಗ ಅವಳು ಎದ್ದು ನಿಂತಳು.

"ಆ ವೊತ್ಗೆ ನಾನೂ ಇರಾಕಿಲ್ಲ, ನೀವೂ ಇರಾಕಿಲ್ಲ ಸಾ. ನಮ್ಮೂರ್ನಾಗೆ ಇವತ್ತು ಬೆಳಿಗ್ಗೆ ಟೈರು ಸುಡ್ತಾವ್ರೆ. ಅದ್ಕೇನು ಮಾಡಾದು?"

ಸಭೆಯಲ್ಲಿ ನಗು ಎದ್ದಿತು. ಇಂಥದ್ದೆಲ್ಲ ಒಂದು ದಿನದಲ್ಲಿ ಆಗುವ ಕೆಲಸವಲ್ಲ ತಾಯಿ, ಹಂತ ಹಂತವಾಗಿ ಆಗಬೇಕು ಎಂದರು ಉಪನ್ಯಾಸಕರು.

"ಕೊರೊನಾದಾಗೆ ಬೈಗ್ನಾಗೆ ಹೇಳಿ ಬೆಳಗಾಗೋದ್ರೊಳಗೆ ದೇಶನೇ ನಿಲ್ಸುದ್ರಲ್ಲ. ರೈಲು ನಿಂತ್ಕತು, ಬಸ್ಸು ನಿಂತ್ಕತು, ನಮ್ ಆಲೆಮನೆನೂ ನಿಂತ್ಕತು. ಅವತ್ತು ಹಂತ ಇರ್ಲಿಲ್ವಾ?"

"ಅದು ತುರ್ತು ಪರಿಸ್ಥಿತಿ ಅಮ್ಮ. ಜನ ಸಾಯ್ತಿದ್ರು."

"ಈಗ್ಲೂ ಸಾಯ್ತಾವ್ರೆ. ನಿಧಾನಕ್ಕೆ ಸಾಯ್ತಾವ್ರೆ ಅಂತ ನಿಮ್ಗೆ ಕಾಣ್ತಿಲ್ಲ ಅಷ್ಟೆ."

ಉಪನ್ಯಾಸಕರು ಚಹಾಕ್ಕೆ ಬಿಡುವು ಕೊಟ್ಟರು.

ಚಹಾದ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಬಂದದ್ದು ಸುನಿತಾ ಎಂಬ ಅಧಿಕಾರಿ. ಮೂವತ್ತೈದರ ಆಸುಪಾಸು, ತಾಲ್ಲೂಕಿಗೆ ಹೊಸಬರು. "ನೀವು ಅರ್ಜಿ ಕೊಡಿ, ಬೀಗ ಹಾಕಿಸೋಣ. ನಿಲ್ಲಿಸೋಕೆ ಒಂದು ಆರ್ಡರ್ ಸಾಕು," ಎಂದರು. ಆಮೇಲೆ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ, "ಆದ್ರೆ ಒಂದು ಮಾತು. ಮೊದಲನೇ ಲಾಕ್‌ಡೌನ್‌ನಲ್ಲಿ ನಾನು ಪಾಂಡವಪುರದಲ್ಲಿದ್ದೆ. ರೈಲ್ವೆ ಸ್ಟೇಷನ್ನಿನ ಹೊರಗೆ ಜನ ಗಂಟು ಮೂಟೆ ಇಟ್ಕೊಂಡು, ಇವತ್ತು ರೈಲು ಬರುತ್ತೆ, ನಾಳೆ ಬರುತ್ತೆ ಅಂತ ಕೂತಿದ್ರು. ಅವರಿಗೆ ಏನು ಹೇಳಬೇಕು ಅಂತ ನನಗೆ ಗೊತ್ತಿರಲಿಲ್ಲ. ನಿಲ್ಲಿಸಿದವರು ಅದನ್ನ ಯೋಚಿಸಿರಲಿಲ್ಲ. ನಿಮ್ಮ ಆಲೆಮನೆಗೆ ಬೀಗ ಬಿದ್ದ ಮಾರನೇ ದಿನ ಆ ಆಳುಗಳು ಏನು ತಿಂತಾರೆ? ಕಬ್ಬು ಕಡಿದಿಟ್ಟವರು ಏನು ಮಾಡ್ತಾರೆ? ಅದನ್ನ ಯೋಚಿಸಿ ಹೇಳಿ, ನಾನು ನಿಮ್ಮ ಜೊತೆ ಇರ್ತೀನಿ," ಎಂದರು.

ಊರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಸಿದ್ದಲಿಂಗಮ್ಮ ಅದನ್ನೇ ಮೆಲುಕು ಹಾಕಿದಳು. ಎರಡು ದಿನದಿಂದ ಮಳೆ ಬಿಡುವು ಕೊಟ್ಟಿತ್ತು, ದಾರಿಯುದ್ದಕ್ಕೂ ಅಲ್ಲಲ್ಲಿ ಗದ್ದೆಗಳಲ್ಲಿ ಬೆಂಕಿ. ಕಬ್ಬು ಕಡಿದ ಮೇಲೆ ಉಳಿದ ಒಣಗರಿ, ಅಂದರೆ ತರಗನ್ನು, ಎಲ್ಲರೂ ಹೊಲದಲ್ಲೇ ಸುಡುತ್ತಿದ್ದರು. ಅವಳ ಗದ್ದೆಯಲ್ಲೂ ಪ್ರತಿವರ್ಷ ಅದೇ. ಒಂದು ಕಡೆ ಉರುವಲಿಲ್ಲ ಎಂದು ಟೈರು ಸುಡುತ್ತೇವೆ, ಇನ್ನೊಂದು ಕಡೆ ಉರುವಲನ್ನು ಸುಮ್ಮನೆ ಸುಡುತ್ತೇವೆ ಎಂದು ಅವಳಿಗೆ ಅನ್ನಿಸಿದಾಗ ಬಸ್ಸು ಸಿಂಧಘಟ್ಟ ದಾಟಿತ್ತು.

ಮಾರನೆಯ ದಿನ ಅಂಗನವಾಡಿಯ ಜಗಲಿಗೆ ಹಳೆಯ ಪಡೆಯ ಹೆಂಗಸರನ್ನೆಲ್ಲ ಕರೆದಳು. ಆಲೆಮನೆಗೆ ಕಬ್ಬು ಹಾಕುವ ಮನೆಯವರೇ ಎಲ್ಲರೂ. ಮೊದಲು ಮಾತಾಡಿದವಳು ಯಶೋದಮ್ಮ.

"ನನ್ ಗಂಡ ಮುಚ್ಚಿಟ್ಕೊಂಡು ಸತ್ತ. ಈ ಟೈರ್ ಒಗೆ ಎಲ್ರ ಕಣ್ಣೆದುರ್ಗೇ ಕಾಣ್ತಾ ಅದೆ. ಆದ್ರೂ ಮುಚ್ಚಿಟ್ಕೊಂಡಿದೀವಿ. ಇನ್ನೂ ಎಷ್ಟು ದಿನ ಸೊಂಟ ನೋವು ಅನ್ನಾನ?"

ಆಮೇಲೆ ಮಾತು ತಾನಾಗಿ ಬಂತು. ಯಾರ ಮಗುವಿಗೆ ಎಷ್ಟು ಸಲ ಕಫ ಕಟ್ಟಿತು, ಯಾರ ಮಾವ ಮಲಗಲಾರದೆ ಕುಳಿತೇ ಇರುತ್ತಾರೆ ಎಂದು ಒಬ್ಬೊಬ್ಬರೂ ಹೇಳತೊಡಗಿದರು. ಟೈರಿನ ಲಾರಿಯನ್ನು ಊರೊಳಗೆ ಬಿಡುವುದಿಲ್ಲ ಎಂದು ತೀರ್ಮಾನವಾಯಿತು. ಅದಕ್ಕೆ ಬದಲು ಊರಿನ ತರಗನ್ನೆಲ್ಲ ಕಟ್ಟಿ ಕೊಡುವುದು, ಹೊಲದಲ್ಲಿ ಯಾರೂ ಕಡ್ಡಿ ಗೀರಬಾರದು. ಒಲೆ ನಿಂತಷ್ಟು ದಿನ ಆಳುಗಳ ಊಟ ಊರಿನದು, ಹಿಂದಿನ ಹಾಗೆಯೇ ಸರದಿಯಲ್ಲಿ. "ಇದ್ನ ಮೊದ್ಲು ಶಿವಣ್ಣಂಗೆ ಹೇಳಿದ್ರೆ?" ಎಂದಳು ಪ್ರಮೀಳಾ. ಹೇಳಿದರು. ಅವನು ಕೇಳಿಸಿಕೊಳ್ಳಲಿಲ್ಲ. "ಎಂಗಸ್ರು ಆಲೆಮನೆ ನಡ್ಸಾಕೆ ಬಂದವ್ರೆ," ಎಂದನಂತೆ.

ಗುರುವಾರ ಬೆಳಿಗ್ಗೆ, ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ, ಲಾರಿ ನಾಲೆಯ ಸೇತುವೆ ಹತ್ತಿತು. ಸೇತುವೆಯ ಈಚೆ ಬದಿಗೆ ಜಾಲಿಮುಳ್ಳು ಬಿದ್ದಿತ್ತು. ಅದರ ಹಿಂದೆ ಹೆಂಗಸರು ಹಾಲಿನ ಕ್ಯಾನುಗಳ ಪಕ್ಕವೇ ಕುಳಿತಿದ್ದರು, ಮಧ್ಯದಲ್ಲಿ ಸಿದ್ದಲಿಂಗಮ್ಮ. ಲಾರಿಯ ಡ್ರೈವರ್ ಅಶೋಕ್ ಕೆಳಗಿಳಿದು ಬಂದ.

"ಅಮ್ಮಾ, ನಾನು ಬಾಡ್ಗೆಗೆ ಬಂದೋನು. ಇಳ್ಸಿ ವೊಂಟೋಯ್ತೀನಿ."

"ನಿನ್ ಮೇಲೆ ನಮ್ಗೆ ಸಿಟ್ಟಿಲ್ಲ ಮಗ. ಟೀ ಕುಡಿ. ಆದ್ರೆ ಲಾರಿ ಈ ಮುಳ್ಳು ದಾಟಾಕಿಲ್ಲ."

ಸುದ್ದಿ ತಿಳಿದು ಊರಿನ ಗಂಡಸರು ಬಂದರು. ಎಲ್ಲರಿಗಿಂತ ಮುಂದೆ ಲೋಕೇಶ್, ಎರಡು ಎಕರೆ ಕಬ್ಬು ಕಡಿದು ಆಲೆಮನೆಯ ಮುಂದೆ ಇಳಿಸಿದವನು. "ಸಕ್ರೆ ಫ್ಯಾಕ್ಟ್ರಿಯವ್ರ ಕಟಾವು ಆರ್ಡರ್ಗೆ ಕಾಯ್ತಾ ಕುಂತ್ರೆ ಕಬ್ಬು ಬೆಂಡಾಯ್ತದೆ ಅಂತ ಇಲ್ಗೆ ತಂದೆ. ಈಗ ನೀವು ಒಲೆ ಆರ್ಸಾಕೆ ಬಂದ್ರಾ? ಬೀದೀಲಿ ಬಂದು ಕುಂತಿದೀರಲ್ಲ, ನಿಮ್ ಮನೇಲಿ ಗಂಡುಸ್ರು ಇಲ್ವಾ?"

"ಅವ್ರೆ ಕಣಪ್ಪ," ಎಂದಳು ಸಿದ್ದಲಿಂಗಮ್ಮ. "ಕೆಮ್ತಾ ಅವ್ರೆ."

ಅಷ್ಟರಲ್ಲಿ ಶಿವಶಂಕರನ ಬೈಕು ಬಂತು. ಅವನು ಬೈಕನ್ನು ನಿಲ್ಲಿಸಿದ ರಭಸಕ್ಕೇ ಹೆಂಗಸರಲ್ಲಿ ಕೆಲವರು ಎದ್ದುನಿಂತರು. ಸಿದ್ದಲಿಂಗಮ್ಮ ಕುಳಿತೇ ಇದ್ದಳು. ಅವನು ಮುಳ್ಳಿನ ಪಕ್ಕ ಬಂದು ಅವಳ ಎದುರು ನಿಂತ. ಅವನ ದನಿ ಕೂಗಿನದಾಗಿರಲಿಲ್ಲ. ಕೂಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಅತ್ಗೆ, ಊರ್ನಾಗೆ ಯಾರು ಬೇಕಾದ್ರೂ ನನ್ನ ತಡೀಲಿ. ನೀನು ತಡೀಬೌದಾ? ಅಣ್ಣಂಗೆ ಉಸ್ರು ತಂದೋನು ನಾನು. ಈ ಹೆಗಲ ಮ್ಯಾಲೆ ತಂದೆ."

ಅದು ಸುಳ್ಳಲ್ಲ. ಅವನು ಹೋಗದಿದ್ದರೆ ಸಿದ್ದಲಿಂಗಮ್ಮನ ಹಣೆಯಲ್ಲಿ ಕುಂಕುಮ ಇರುತ್ತಿರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀನು ತಂದಿದ್ದು ದಿಟ ಕಣಪ್ಪ. ಸಾಯೋಗಂಟ ಅದ್ನ ಮರೆಯಾಕಿಲ್ಲ. ತಂದ್ಕೊಟ್ಟ ಉಸ್ರನ್ನ ನೀನೇ ಕಿತ್ಕೊಬ್ಯಾಡ ಅಂತ ಕುಂತಿದೀನಿ."

"ಹಂಗಾದ್ರೆ ಆಲೆಮನೆ ಮುಚ್ಚುಸ್ತೀಯ?"

"ಮುಚ್ಚು ಅಂದ್ನಾ? ಟೈರು ಬ್ಯಾಡ ಅಂದೆ. ಬೆಲ್ಲ ಕಾಯ್ಸು, ಕಬ್ಬಿಂದೇ ಬೆಂಕೀಲಿ ಕಾಯ್ಸು. ತರಗು ನಾವು ತಂದಾಕ್ತೀವಿ."

"ತರಗು ಒಂದ್ ಗಳ್ಗೆ ಉರ್ದು ಮುಗೀತದೆ. ಬೆಲ್ಲ ಕಾಯ್ಸಾದೇನು ದೀಪಾವಳಿ ಪಟಾಕಿ ಅಂದ್ಕೊಂಡಿದ್ಯಾ?" ಎಂದು ಶಿವಶಂಕರ್ ತಿರುಗಿ, "ತಗೀರ್ಲಾ ಮುಳ್ಳ," ಎಂದ.

ಆಲೆಮನೆಯಿಂದ ಅವನ ಹಿಂದೆಯೇ ಬಂದಿದ್ದ ಇಬ್ಬರು ಆಳುಗಳು ಮುಂದೆ ಬಂದರು. ಆದರೆ ಮುಳ್ಳಿಗೆ ಕೈ ಹಾಕುವ ಮೊದಲು ಮುನ್ನಾ ಸಿದ್ದಲಿಂಗಮ್ಮನ ಮುಖ ನೋಡಿ ಹಿಂದೆ ಸರಿದ. ಅವನನ್ನು ಕಂಡು ಇನ್ನೊಬ್ಬನೂ ನಿಂತ. ಆಗಲೇ ಊರಿನ ಕಡೆಯಿಂದ ಒಂದು ಸ್ಕೂಟರು ನಿಧಾನವಾಗಿ ಬಂತು. ಹಿಂದೆ ಕುಳಿತಿದ್ದವನು ನಂಜಪ್ಪ. ಬಾಯಿಗೆ ಟವಲ್ಲು ಸುತ್ತಿಕೊಂಡಿದ್ದ. ಇಳಿದು, ಹಾಲಿನ ಕ್ಯಾನಿನ ಮೇಲೆ ಕುಳಿತು, ಉಸಿರು ಹಿಡಿತಕ್ಕೆ ಬರುವವರೆಗೂ ಸುಮ್ಮನಿದ್ದ. ಅವನು ಯಾರ ಪರ ಎಂದು ಹೆಂಡತಿಗೂ ಗೊತ್ತಿರಲಿಲ್ಲ. ಹಿಂದಿನ ದಿನ ಅವಳು ಕೇಳಿದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

"ಲೇ ಶಿವ," ಎಂದ ನಂಜಪ್ಪ. "ಅವತ್ತು ಸಿಲಿಂಡ್ರು ತರಾಕೆ ಓಗುವಾಗ ಲಾಭ ನಷ್ಟ ನೋಡಿದ್ಯೇನ್ಲಾ?"

ಶಿವಶಂಕರ್ ಬೈಕಿನ ಹ್ಯಾಂಡಲಿಗೆ ಕೈ ಹಾಕಿದ.

"ನೋಡ್ಲಿಲ್ಲ. ಮೊದ್ಲು ಉಸ್ರು, ಮಿಕ್ಕಿದ್ದು ಆಮ್ಯಾಕೆ ನೋಡಾನ ಅಂದೆ. ನಾನು ಮಂಚದ ಮ್ಯಾಲೆ ಬಿದ್ಕೊಂಡು ಕೇಳುಸ್ಕೊಂಡಿದೀನಿ. ನೀನು ಅಂದಿದ್ನೇ ಇವ್ಳೂ ಅಂತಾವ್ಳೆ ಕಣ್ಲಾ. ಬ್ಯಾರೆ ಏನೂ ಅಂತಿಲ್ಲ."

ಅಷ್ಟು ಹೇಳುವುದರೊಳಗೆ ಕೆಮ್ಮು ಬಂತು. ಅದು ನಿಲ್ಲುವವರೆಗೂ ಎಲ್ಲರೂ ಕಾದರು. ಶಿವಶಂಕರನ ಕಣ್ಣು ಅಣ್ಣನ ಬೆನ್ನಿನ ಮೇಲೇ ಇತ್ತು. ಅವನು ಬೈಕು ಹತ್ತಿ, ಅಶೋಕನಿಗೆ ಕೈಸನ್ನೆ ಮಾಡಿ, ಹೋಗಿಬಿಟ್ಟ. ಲಾರಿ ತಿರುಗಿಸಲು ಸೇತುವೆಯಲ್ಲಿ ಜಾಗವಿರಲಿಲ್ಲ, ಹಿಂದಕ್ಕೇ ನಡೆಸಿಕೊಂಡು ಹೋಗಬೇಕಾಯಿತು. ಹೆಂಗಸರೇ ಬಲಕ್ಕೆ ಎಡಕ್ಕೆ ಎಂದು ಕೂಗುತ್ತಾ ದಾರಿ ತೋರಿಸಿದರು.

ಗೆದ್ದೆವು ಎಂದು ಯಾರೂ ಅಂದುಕೊಳ್ಳುವಂತಿರಲಿಲ್ಲ. ಶಿವಶಂಕರ್ ಅವತ್ತೇ ಒಲೆ ಆರಿಸಿ ಗೇಟಿಗೆ ಬೀಗ ಹಾಕಿದ. ಬೆಲ್ಲ ಬೇಕಾದವರು ಅತ್ತಿಗೆಯನ್ನು ಕೇಳಿಕೊಳ್ಳಲಿ ಎಂದ. ಕಬ್ಬು ಇಳಿಸಿದವರೆಲ್ಲ ಸಿದ್ದಲಿಂಗಮ್ಮನ ಮನೆಯ ಮುಂದೆ ಬಂದು ನಿಂತರು. ಕಬ್ಬು ಹುಳಿಯುತ್ತಿತ್ತು, ಅವರ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಡೈರಿಯಲ್ಲಿ ಅವಳು ಕ್ಯಾನು ಇಟ್ಟರೆ ಪಕ್ಕದವರು ತಮ್ಮ ಕ್ಯಾನು ಸರಿಸಿಕೊಂಡರು. ನಿನ್ನ ವಾರ್ಡಿನ ಓಟು ಇನ್ನು ಕನಸಿನಲ್ಲಿ ನೋಡು ಎಂದವರೂ ಇದ್ದರು. "ಓಟ್ಗೆ ಆಸೆ ಬಿದ್ದಿದ್ರೆ ಮನೇಲಿರ್ತಿದ್ದೆ. ನಿಮ್ ಕಬ್ಬು ಹಾಳಾಗಬಾರ್ದು ಅನ್ನೋದು ನಂಗೂ ಅದೆ. ಬನ್ನಿ, ನಾಳೆ ಬೆಳಿಗ್ಗೆ ನನ್ ಗದ್ದೆ ತರಗು ಕಟ್ತೀನಿ, ಒಂದು ಕೈ ಹಾಕಿ," ಎಂದಳು. ಗಂಡಸರು ಯಾರೂ ಹೋಗಲಿಲ್ಲ. ಹೆಂಗಸರು ಹೋದರು.

ರೇಷ್ಮೆಹುಳು ಸಾಕುವುದನ್ನು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಒಂದು ಹುಳುಮನೆಯನ್ನು ಗುಡಿಸಿ, ಅದರ ಶೀಟಿನ ಕೆಳಗೆ ತರಗಿನ ಕಟ್ಟುಗಳನ್ನು ಒಟ್ಟಿದರು. ಆಳುಗಳಿಗೆ ಊಟ ಸರದಿಯಲ್ಲಿ ಹೋಯಿತು. ಮೊದಲ ದಿನ ಸಿದ್ದಲಿಂಗಮ್ಮ ಮತ್ತು ಯಶೋದಮ್ಮನ ಮನೆಗಳಿಂದಲೇ ಹೋಯಿತು, ಉಳಿದವರು ಹಿಂಜರಿದಿದ್ದರು. ಆಮೇಲೆ ಲೋಕೇಶನ ತಾಯಿ ಮಗನಿಗೆ ಹೇಳದೆ ಒಂದು ಕುಕ್ಕರು ಅನ್ನ ಕಳಿಸಿದಳು. ಸುನಿತಾ ಬಂದು ನೋಡಿ, ಪಕ್ಕದ ತಾಲ್ಲೂಕಿನ ಒಂದು ಆಲೆಮನೆಗೆ ಫೋನು ಮಾಡಿ, ಲೋಕೇಶ್ ಮತ್ತಿತರರ ಕಬ್ಬು ಅಲ್ಲಿಗೆ ಹೋಗುವ ವ್ಯವಸ್ಥೆ ಮಾಡಿದರು. ಎಲ್ಲರದೂ ಹೋಗಲಿಲ್ಲ, ಸ್ವಲ್ಪ ಹಾಳಾಯಿತು. ಹಾಳಾದವರಿಗೆ ಸಿದ್ದಲಿಂಗಮ್ಮನ ಮೇಲಿನ ಸಿಟ್ಟು ಇವತ್ತಿಗೂ ಇದೆ.

ಹೀಗಿರುವಾಗ ಒಂದು ಸಂಜೆ ಶಿವಶಂಕರ್ ಹುಳುಮನೆಯ ಬಾಗಿಲಲ್ಲಿ ಬಂದು ನಿಂತ. ಹೆಂಗಸರು ತರಗು ಕಟ್ಟುತ್ತಿದ್ದರು. ಅವನು ಕಟ್ಟುಗಳನ್ನು ನೋಡಿ ತಡೆಯಲಾರದೆ, "ಇಂಗ್ ದಪ್ಪುಕೆ ಕಟ್ಟುದ್ರೆ ಒಲೆ ಬಾಯ್ಗೆ ಓಗಾಕಿಲ್ಲ. ಸಡ್ಲ ಕಟ್ಟುದ್ರೆ ಬಗ್ ಅಂತ ಉರ್ದು ಆರೋಯ್ತದೆ," ಎಂದು ಒಂದು ಕಟ್ಟನ್ನು ಬಿಚ್ಚಿ, ಮೊಣಕಾಲಿನಿಂದ ಒತ್ತಿ, ಬಿಗಿಯಾಗಿ ತೋಳಿನಷ್ಟು ದಪ್ಪಕ್ಕೆ ಕಟ್ಟಿ ತೋರಿಸಿದ. ಪ್ರಮೀಳಾ ಅದೇ ರೀತಿ ಇನ್ನೊಂದು ಕಟ್ಟಿದಳು. ಅವನು ಅದನ್ನು ಎತ್ತಿ ನೋಡಿ, ಸರಿಯಿದೆ ಎಂಬಂತೆ ಕೆಳಗಿಟ್ಟ. ಅತ್ತಿಗೆಯ ಕಡೆ ತಿರುಗಲಿಲ್ಲ.

ಮಾರನೆಯ ದಿನ ಗೇಟು ತೆರೆಯಿತು. ಒಲೆಯನ್ನು ಒಡೆದು, ಗಾಳಿ ಸರಿಯಾಗಿ ಆಡುವಂತೆ ಬಾಯಿ ಬದಲಿಸಿ ಮತ್ತೆ ಕಟ್ಟಿಸಿದ. ಹೊಗೆಯ ಕೊಳವೆ ಎತ್ತರಿಸಿದ. ಸಿಪ್ಪೆ ಒಣಗಿಸುವ ಬಯಲಿಗೆ ಒಂದು ಕಡೆ ಶೀಟು ಹೊದಿಸಿದ. ಒಲೆ ತಯಾರಾಗುವವರೆಗೂ ಮುನ್ನಾ ಮತ್ತು ಅವನ ಜೊತೆಯವರು ಊರಿನ ಊಟ ಉಂಡರು. ಮತ್ತೆ ಬೆಲ್ಲ ಕಾಯಿಸಿದ ದಿನ ಕೊಳವೆಯಿಂದ ಬಂದ ಹೊಗೆ ಬೂದಿಬಣ್ಣದ್ದಾಗಿತ್ತು. ಹೊಗೆ ಇಲ್ಲವೆಂದಲ್ಲ. ಬೆಲ್ಲ ಮೊದಲಿಗಿಂತ ನಿಧಾನಕ್ಕೆ ಪಾಕ ಬರುತ್ತಿತ್ತು. ತೀರಾ ಮಳೆ ಹಿಡಿದ ದಿನ ಶಿವಶಂಕರ್ ಗೊಣಗುತ್ತಾ ಒಲೆ ಆರಿಸುತ್ತಿದ್ದ. ಆದರೆ ಸೇತುವೆಯ ಮೇಲೆ ಮತ್ತೆ ಟೈರಿನ ಲಾರಿ ಬರಲಿಲ್ಲ. ಆ ವರ್ಷ ಹುಣಸೆಕೊಪ್ಪಲಿನ ಮುಕ್ಕಾಲು ಪಾಲು ಗದ್ದೆಗಳಲ್ಲಿ ತರಗಿಗೆ ಬೆಂಕಿ ಬೀಳಲಿಲ್ಲ, ಮಿಕ್ಕ ಗದ್ದೆಗಳಲ್ಲಿ ಬಿತ್ತು.

ನಂಜಪ್ಪ ಈಗಲೂ ಕೆಮ್ಮುತ್ತಾನೆ, ಆದರೆ ಬೆಳಿಗ್ಗೆ ಜಗಲಿಗೆ ಬಂದು ಕೂರುತ್ತಾನೆ. ಶಿವಶಂಕರ್ ದಿನವೂ ಬಂದು ಅಣ್ಣನ ಪಕ್ಕ ಕುಳಿತು ಎಲೆ ಅಡಿಕೆ ಹಾಕುತ್ತಾನೆ. ಅತ್ತಿಗೆ ಕಾಫಿ ತಂದಿಟ್ಟರೆ ಕುಡಿಯುತ್ತಾನೆ, ಮಾತಾಡುವುದಿಲ್ಲ. ಪ್ರತಿವರ್ಷ ಅವಳ ಮನೆಗೆ ಬರುತ್ತಿದ್ದ ಮೊದಲ ಪಾಕದ ಬೆಲ್ಲ ನಿಂತಿದೆ. ಅವಳು ಪೇಟೆಯ ಸಂತೆಯಲ್ಲಿ ಕೊಂಡು ತರುತ್ತಾಳೆ. "ಅದ್ಕೇನಂತೆ," ಎನ್ನುತ್ತಾಳೆ. "ಅವ್ನ ಮಾತು ಬರ್ದೆ ಇದ್ರೆ ನಂಗೆ ನೋವಾಯ್ತದೆ. ಒಗೆ ಬಂದ್ರೆ ಊರ್ಗೇ ನೋವಾಯ್ತದೆ. ಎರಡ್ರಾಗೆ ಒಂದ ಆರುಸ್ಕೊಂಡಿದೀನಿ."

ಪಂಚಾಯಿತಿಯ ಅವಧಿ ಈ ವರ್ಷ ಮುಗಿದಿದೆ. ಸಿದ್ದಲಿಂಗಮ್ಮ ಈಗ ಸದಸ್ಯಳಲ್ಲ. ಆದರೆ ಗಾಳಿ ಮೂಡಲಿಂದ ಬೀಸಿದ ದಿನ ನಾಲೆಯಾಚೆಯ ಊರಿನ ಆಲೆಮನೆಯಿಂದ ಅದೇ ಕಪ್ಪು ಹೊಗೆ ಹುಣಸೆಕೊಪ್ಪಲಿನ ಮೇಲೆ ಬಂದು ಕೂರುತ್ತದೆ. ಆ ಊರು ಬೇರೆ ಪಂಚಾಯಿತಿಗೆ ಸೇರಿದ್ದು. ಹೋದ ತಿಂಗಳು ಯಶೋದಮ್ಮ, ಪ್ರಮೀಳಾ ಇಬ್ಬರನ್ನೂ ಕರೆದುಕೊಂಡು ಅವಳು ನಡೆದೇ ಅಲ್ಲಿಗೆ ಹೋದಳು. ಅರಳಿಕಟ್ಟೆಯಲ್ಲಿ ಇಸ್ಪೀಟು ಆಡುತ್ತಿದ್ದ ಗಂಡಸರು ತಲೆ ಎತ್ತಿದರು.

"ನಿಮ್ಮೂರು ನೋಡ್ಕಳಿ ಓಗಿ," ಎಂದ ಒಬ್ಬ. "ಈಗ ನೀನು ಮೆಂಬ್ರೂ ಅಲ್ವಂತಲ್ಲ. ಯಾವ ಅಧಿಕಾರದ ಮೇಲೆ ಬಂದೆ?"

"ಆ ಕೊರೊನಾ ನಿಮ್ಮೂರ್ಗೂ ನಮ್ಮೂರ್ಗೂ ಬರುವಾಗ ಯಾವ ಪಂಚಾಯ್ತಿ ಪರ್ಮಿಟ್ಟು ತಗೊಂಡಿತ್ತಪ್ಪ? ನಿಮ್ ಒಗೆ ನಾಲೆ ದಾಟುವಾಗ ಯಾರ್ನ ಕೇಳ್ತದೆ? ಅದು ಬಂದ ದಾರೀಲೇ ನಾವೂ ಬಂದೋ," ಎಂದಳು ಸಿದ್ದಲಿಂಗಮ್ಮ. "ಜಗಳಕ್ಕೆ ಬಂದಿಲ್ಲ. ತರಗು ಎಂಗ್ ಕಟ್ಟಬೇಕು ಅಂತ ತೋರ್ಸಾಕೆ ಬಂದಿದೀವಿ. ಜಗಳನೇ ಬೇಕು ಅಂದ್ರೆ ಅದೂ ಗೊತ್ತದೆ. ನಿಮ್ ಎಂಗಸ್ರೆಲ್ಲ ಎಲ್ಲವ್ರೆ, ಕರೀರಿ."

ಇಸ್ಪೀಟಿನವರು ಕರೆಯಲಿಲ್ಲ. ಪ್ರಮೀಳಾ ಎದುರಿನ ಬೀದಿಗೆ ಹೋಗಿ ಮೊದಲ ಮನೆಯ ಬಾಗಿಲು ತಟ್ಟಿದಳು.